32.9 ಸರಾಸರಿಯ ರ‍್ಯಾಮ್ಸ್ 3 ಪಾಯಿಂಟಿಗೆ ಕಟ್ಟಿಬಿದ್ದದ್ದು ಹೇಗೆ? (53ನೇ ಸೂಪರ್ ಬೌಲ್, 13–3)

ಅರೆಬರೆ ಪ್ರೇಕ್ಷಕ

2019ರ ಫೆಬ್ರವರಿ 3, ಅಟ್ಲಾಂಟಾ. ಅಮೆರಿಕನ್ ಫುಟ್‌ಬಾಲ್ ಲೀಗಿನ ಫೈನಲ್, ಅಂದರೆ ಸೂಪರ್ ಬೌಲ್. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 13, ಲಾಸ್ ಏಂಜಲೀಸ್ ರ‍್ಯಾಮ್ಸ್ 3. ಎರಡೂ ತಂಡ ಸೇರಿ 16 ಪಾಯಿಂಟ್. ಸೂಪರ್ ಬೌಲ್ ಚರಿತ್ರೆಯಲ್ಲೇ ಇದಕ್ಕಿಂತ ಕಡಿಮೆ ಇಲ್ಲ. ಇದರ ಹಿಂದಿನ ದಾಖಲೆ ಮಯಾಮಿ–ವಾಷಿಂಗ್ಟನ್‌ನ 14–7, ಅದು 1973ರದು.

ಎಲ್ಲರೂ 'ಬೋರು ಮ್ಯಾಚು' ಅಂತ ಕೈತೊಳೆದುಕೊಂಡಿದ್ದಾರೆ. ನನಗೆ ತಲೆ ಕೆಡಿಸಿದ್ದು ಬೇರೆ. ಅದೇ ಸೀಸನ್ನಿನ ನವೆಂಬರ್‌ನಲ್ಲಿ ಕನ್ಸಾಸ್ ಸಿಟಿಯನ್ನು 54–51ರಲ್ಲಿ ಸೋಲಿಸಿದ ತಂಡ ಇದು. 16 ಪಂದ್ಯದಲ್ಲಿ 527 ಪಾಯಿಂಟ್, ಅಂದರೆ ಪಂದ್ಯಕ್ಕೆ 32.9. ಮುಚ್ಚಿದ ಛಾವಣಿಯ ಕೆಳಗೆ ಆಟ, ಮಳೆ ಗಾಳಿ ಅನ್ನೋ ನೆಪವೂ ಇಲ್ಲ. ಹೀಗಿದ್ದೂ ಮೊದಲ ಎಂಟು ಡ್ರೈವ್ (ಚೆಂಡು ಕೈಗೆ ಬಂದ ಸರದಿ), ಎಂಟೂ ಪಂಟ್ (ಮುಂದೆ ಹೋಗಲಾಗದೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡೋದು)!

ಇಷ್ಟು ಹೇಳಿಕೊಡಿ: ಪೇಟ್ರಿಯಟ್ಸ್ ಡಿಫೆನ್ಸ್ ನಿಖರವಾಗಿ ಮಾಡಿದ್ದೇನು? '6-1', 'ಕ್ವಾರ್ಟರ್ಸ್' ಅಂತೆಲ್ಲ ಹೇಳ್ತಾರಲ್ಲ, ಅದನ್ನು ಟಿವಿಯಲ್ಲಿ ಗುರುತಿಸೋದು ಹೇಗೆ? 53 ನಿಮಿಷ ಯಾರಿಗೂ ಸಿಗದ ಟಚ್‌ಡೌನ್ (ಮೈದಾನದ ತುದಿಯ ಎಂಡ್ ಝೋನಿಗೆ ಚೆಂಡು ಒಯ್ದು ಗಳಿಸೋ 6 ಪಾಯಿಂಟ್) ಆಮೇಲೆ ಐದೇ ಆಟದಲ್ಲಿ (ಪ್ಲೇ) ಸಿಕ್ಕಿದ್ದು ಹೇಗೆ?

ಮೂರನೇ ಡೌನ್

ರ‍್ಯಾಮ್ಸ್ ಅಫೆನ್ಸಿನ (ಚೆಂಡು ತಮ್ಮ ಕೈಯಲ್ಲಿದ್ದಾಗ ಆಡುವವರ) ಬುಡ ಯಾವುದು ಅಂತ ಮೊದಲು ಗೊತ್ತಾಗಬೇಕು. ಅದು ಪಾಸ್ ಅಲ್ಲ, 'ಔಟ್‌ಸೈಡ್ ಝೋನ್' ಅನ್ನೋ ರನ್. ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡೋದು) ಆದ ಕೂಡಲೇ ಮುಂದಿನ ಸಾಲಿನ ಐದೂ ಜನ ಲೈನ್‌ಮನ್ ಒಂದೇ ಕಡೆಗೆ ಸಾಲಾಗಿ ಜರುಗುತ್ತಾರೆ. ಅಕ್ಕಪಕ್ಕದ ಇಬ್ಬರು ಸೇರಿ ಎದುರಿನ ಒಬ್ಬನನ್ನು ತಳ್ಳುತ್ತಾರೆ, ಆಮೇಲೆ ಆ ಇಬ್ಬರಲ್ಲಿ ಒಬ್ಬ ಬಿಡಿಸಿಕೊಂಡು ಹಿಂದಿನ ಲೈನ್‌ಬ್ಯಾಕರ್ (ಡಿಫೆನ್ಸಿನ ಎರಡನೇ ಸಾಲಿನವನು) ಮೇಲೆ ಹೋಗುತ್ತಾನೆ. ಚೆಂಡು ಹಿಡಿದ ರನ್ನಿಂಗ್ ಬ್ಯಾಕ್ ಟಾಡ್ ಗರ್ಲಿ ಪಕ್ಕಕ್ಕೆ ಓಡುತ್ತಾ ಎಲ್ಲಿ ಸಂದು ಬಿಡುತ್ತದೋ ಅಲ್ಲಿ ನುಗ್ಗುತ್ತಾನೆ. ಇದು ನಡೆದರೆ ಲೈನ್‌ಬ್ಯಾಕರ್‌ಗಳು ರನ್ ಕಂಡ ಕೂಡಲೇ ಮುಂದಕ್ಕೆ ಬೀಳುತ್ತಾರೆ. ಆಗ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಜೇರೆಡ್ ಗಾಫ್ ಅದೇ ರನ್ ಕೊಟ್ಟಂತೆ ನಟಿಸಿ, ಲೈನ್‌ಬ್ಯಾಕರ್‌ಗಳ ಬೆನ್ನ ಹಿಂದೆ ಅಡ್ಡ ಓಡುವ ರಿಸೀವರ್‌ಗೆ ಎಸೆಯುತ್ತಾನೆ. ಆ ಸೀಸನ್ನಿನ ಅರ್ಧ ಊಟ ಈ ಪ್ಲೇ-ಆ್ಯಕ್ಷನ್ನಿಂದಲೇ.

ಪೇಟ್ರಿಯಟ್ಸ್‌ನ ಆಗಿನ ಹೆಡ್ ಕೋಚ್ ಬೆಲಿಚಿಕ್ ಮತ್ತು ಡಿಫೆನ್ಸ್ ಕಾಲ್ ಮಾಡುತ್ತಿದ್ದ ಬ್ರಯನ್ ಫ್ಲೋರೆಸ್ ಕೊಡಲಿ ಹಾಕಿದ್ದು ಆ ಬುಡಕ್ಕೆ. ಆಟ ಶುರುವಾಗುವ ಗೆರೆಯ ಮೇಲೆ ನಾಲ್ಕರ ಬದಲು ಆರು ಜನ, ಅವರ ಹಿಂದೆ ಒಬ್ಬನೇ ಲೈನ್‌ಬ್ಯಾಕರ್. ಇದೇ 6-1. ಐದು ಲೈನ್‌ಮನ್‌ಗಳಲ್ಲಿ ಒಳಗಿನ ಇಬ್ಬರು ಗಾರ್ಡ್‌ಗಳ ಮುಖದೆದುರೇ ಆಳು ನಿಂತಿರೋದರಿಂದ ಇಬ್ಬರು ಸೇರಿ ಒಬ್ಬನನ್ನು ತಳ್ಳೋಕೆ ಬಿಡುವಿಲ್ಲ, ಲೈನ್‌ಬ್ಯಾಕರ್ ಮೇಲೆ ಹೋಗೋಕೆ ಕೈ ಖಾಲಿಯಿಲ್ಲ. ಎರಡೂ ತುದಿಯಲ್ಲಿ ಒಬ್ಬೊಬ್ಬ ಗೂಟ ಹೊಡೆದಂತೆ ನಿಂತು ರನ್ನನ್ನು ಒಳಕ್ಕೆ ತಿರುಗಿಸುತ್ತಾನೆ. ನಟನೆ ಮಾಡಿ ಹೊರಕ್ಕೆ ಉರುಳಿ ಬರುವ ಗಾಫ್‌ಗೂ ಮೊದಲು ಸಿಗೋದು ಅವನೇ.

ಫಲ: ಗರ್ಲಿ 10 ಓಟಕ್ಕೆ 35 ಯಾರ್ಡ್, ಸಿ.ಜೆ. ಆ್ಯಂಡರ್ಸನ್ 7ಕ್ಕೆ 22. ಇಡೀ ತಂಡದ ರನ್ನಿಂಗ್ 62 ಯಾರ್ಡ್.

ಹಿಂದಿನ ಭಾಗ ಕ್ವಾರ್ಟರ್ಸ್. ಮೈದಾನದ ಆಳವನ್ನು ಉದ್ದುದ್ದ ನಾಲ್ಕು ಪಟ್ಟಿ ಮಾಡಿ ಇಬ್ಬರು ಕಾರ್ನರ್ (ಅಂಚು ಕಾಯುವವರು), ಇಬ್ಬರು ಸೇಫ್ಟಿ (ಎಲ್ಲರಿಗಿಂತ ಹಿಂದೆ ನಿಲ್ಲುವವರು) ಒಂದೊಂದು ಪಟ್ಟಿ ಕಾಯುತ್ತಾರೆ. ಗಾಫ್‌ಗೆ ಬೇಕಾದ ಆ 15–20 ಯಾರ್ಡಿನ ಅಡ್ಡ ರೂಟ್ ಓಡುವವನು ಒಬ್ಬನ ಕೈ ತಪ್ಪಿದರೆ ಇನ್ನೊಬ್ಬನ ಅಂಗಳಕ್ಕೇ ಬಂದು ಬೀಳುತ್ತಾನೆ. ರನ್ ತಡೆಯುವ ಕೆಲಸ ಮುಂದಿನ ಆರು ಜನರದ್ದೇ ಆದ್ದರಿಂದ ಹಿಂದಿನವರು ನಟನೆ ನೋಡಿ ಮುಂದೆ ಓಡುವ ಅಗತ್ಯವೇ ಇಲ್ಲ.

ಇನ್ನೊಂದು ಮಾತು. ಆ ಸೀಸನ್ ಪೂರ್ತಿ ಪೇಟ್ರಿಯಟ್ಸ್ ಆಡಿದ್ದು ಹೆಚ್ಚಾಗಿ ಮ್ಯಾನ್ ಕವರೇಜ್, ಅಂದರೆ ಒಬ್ಬೊಬ್ಬನಿಗೆ ಒಬ್ಬೊಬ್ಬ ಅಂಟಿಕೊಂಡು ಕಾಯೋದು. ರ‍್ಯಾಮ್ಸ್‌ನ ಆ ಒತ್ತೊತ್ತಾದ ಫಾರ್ಮೇಶನ್, ಸ್ನ್ಯಾಪಿಗೆ ಮುಂಚಿನ ಓಡಾಟ ಎಲ್ಲ ಮ್ಯಾನ್ ಆಡುವವರನ್ನು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಸೋಕೆ ಹೇಳಿ ಮಾಡಿಸಿದ್ದು. ಎದುರಿಗೆ ಬಂದದ್ದು ಝೋನ್, ಅಂದರೆ ಆಳನ್ನಲ್ಲ, ಜಾಗವನ್ನು ಕಾಯೋದು. ಓದಿಕೊಂಡು ಬಂದ ಪಾಠವೇ ಬೇರೆ, ಕೈಗೆ ಸಿಕ್ಕ ಪ್ರಶ್ನೆಪತ್ರಿಕೆಯೇ ಬೇರೆ.

ಹುಬ್ಬಳ್ಳಿ ಹ್ಯಾಶ್‌ಮಾರ್ಕ್

ಎಲ್ಲಾ ಕೀರ್ತಿ ಬೆಲಿಚಿಕ್‌ಗೆ ಕಟ್ಟಬ್ಯಾಡ್ರಿ. ಇದರ ನಕ್ಷೆ ಶಿಕಾಗೋದಾಗ ತಯಾರಾಗಿತ್ತು. ಡಿಸೆಂಬರ್ 9ಕ್ಕ ಸೋಲ್ಜರ್ ಫೀಲ್ಡ್‌ನಾಗ ಬೇರ್ಸ್ 15, ರ‍್ಯಾಮ್ಸ್ 6. ಬೇರ್ಸ್ ಡಿಫೆನ್ಸ್ ಕೋಚ್ ಆಗಿದ್ದ ವಿಕ್ ಫ್ಯಾಂಜಿಯೋ ಇದೇ ಆರು ಮಂದಿ ಮುಂದ, ಇದೇ ಕ್ವಾರ್ಟರ್ಸ್ ಹಿಂದ ಇಟ್ಟು ಗಾಫ್ ಕೈಯಿಂದ ನಾಲ್ಕು ಇಂಟರ್‌ಸೆಪ್ಶನ್ (ಎಸೆದ ಚೆಂಡನ್ನ ಎದುರಾಳಿ ಹಿಡಿಯೋದು) ಕಸಗೊಂಡಿದ್ದ, ಮ್ಯಾಲೆ ಒಂದು ಸೇಫ್ಟಿ (ಇಲ್ಲಿ ಆಳಲ್ಲ, ಎದುರಾಳೀನ ಅವನದೇ ಎಂಡ್ ಝೋನ್‌ನಾಗ ಕೆಡವಿದ್ರ ಸಿಗೋ 2 ಪಾಯಿಂಟ್). ಎಂಟು ವಾರ ಆದಮ್ಯಾಲೂ ರ‍್ಯಾಮ್ಸ್ ಕೋಚ್ ಶಾನ್ ಮೆಕ್‌ವೇ ಕಡೆ ಅದಕ್ಕ ಉತ್ತರ ಇರಲಿಲ್ಲ ಅನ್ನೋದೇ ದೊಡ್ಡ ವಿಷಯ.

ಎರಡನೇದು, ರ‍್ಯಾಮ್ಸ್ ರಿಸೀವರ್ ಕೂಪರ್ ಕಪ್ ಮೊಣಕಾಲು ಲಿಗಮೆಂಟ್ ಹರಕೊಂಡು ಹೊರಗಿದ್ದ. ಕ್ವಾರ್ಟರ್ಸ್ ಒಡೀಬೇಕಂದ್ರ ನಡುವಿನ 5–8 ಯಾರ್ಡ್‌ನಾಗ ತಾಳ್ಮೆಯಿಂದ ಕಡೀಬೇಕು. ಆ ಕೆಲಸದಾಗ ಅವನೇ ಪಳಗಿದಾವ.

ಮೂರನೇದು ಗಾಫ್ ಸ್ವತಃ. ಮೂರನೇ ಕ್ವಾರ್ಟರ್‌ನಾಗ ರಿಸೀವರ್ ಬ್ರ್ಯಾಂಡಿನ್ ಕುಕ್ಸ್ ಎಂಡ್ ಝೋನ್‌ನಾಗ ಒಬ್ಬನ ನಿಂತಿದ್ದ, ಸುತ್ತ ಯಾರೂ ಇಲ್ಲ. ಅಂದ್ರ ಡಿಫೆನ್ಸ್ ತಪ್ಪಿತ್ತು! ಗಾಫ್ ನೋಡಿದ್ದು ತಡ ಆತು, ಎಸೆದ ಚೆಂಡು ಗಾಳ್ಯಾಗ ತೇಲಿತು. ಅಷ್ಟರಾಗ ಆ ಕಡೆ ಇದ್ದ ಜೇಸನ್ ಮೆಕಾರ್ಟಿ ತನ್ನ ಆಳನ್ನ ಬಿಟ್ಟು ಅಡ್ಡ ಓಡಿ ಬಂದು ಚೆಂಡು ಕೈ ಸೇರೋ ಹೊತ್ತಿಗೆ ಬಡಿದು ಕೆಡವಿದ. ಅರ್ಧ ಸೆಕೆಂಡ್ ಮೊದಲು ಎಸೆದಿದ್ರ ಟಚ್‌ಡೌನ್. ನಕ್ಷೆ ಎಷ್ಟೇ ಚಂದ ಇರಲಿ, ಆ ಆಟದಾಗ ಉಳಿಸಿದ್ದು ಒಬ್ಬ ಮನುಷ್ಯಾನ ಕಾಲು.

ಮೂರನೇ ಡೌನ್

ಮೆಕಾರ್ಟಿ ವಿಷಯ ಒಪ್ಪಿದೆ. ಆದರೆ ಗಾಫ್ ತಡಮಾಡಿದ್ದು ಅವನ ಕಣ್ಣಿನ ದೋಷ ಮಾತ್ರ ಅಲ್ಲ. ಆ ಹೊತ್ತಿಗೆ ಅವನು ಕಂಡದ್ದನ್ನೇ ನಂಬದ ಸ್ಥಿತಿಗೆ ಬಂದಿದ್ದ. 38ಕ್ಕೆ 19 ಪಾಸ್, ನಾಲ್ಕು ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವೋದು), ಅದರಲ್ಲಿ ಎರಡು ಪೇಟ್ರಿಯಟ್ಸ್ ಲೈನ್‌ಬ್ಯಾಕರ್ ಡಾಂಟಾ ಹೈಟವರ್‌ನದು. ಡೌನ್ ಅಂದರೆ 10 ಯಾರ್ಡ್ ಹೋಗೋಕೆ ಸಿಗುವ ನಾಲ್ಕು ಅವಕಾಶದಲ್ಲಿ ಒಂದು; ಮೂರನೇ ಡೌನ್‌ನಲ್ಲಿ ದಾಟಿದ್ದು 13ಕ್ಕೆ 3 ಸಲ. ಸ್ನ್ಯಾಪಿಗೆ ಮುಂಚೆ ಒಂದು ಚಿತ್ರ, ಸ್ನ್ಯಾಪ್ ಆದ ಮೇಲೆ ಇನ್ನೊಂದು ಚಿತ್ರ ಅಂತಾದರೆ ಯಾವ ಕ್ವಾರ್ಟರ್‌ಬ್ಯಾಕ್ ಆದರೂ ಒಂದು ಬಡಿತ ಹೆಚ್ಚು ಕಾಯುತ್ತಾನೆ.

ಅರೆಬರೆ ಪ್ರೇಕ್ಷಕ

ಇಬ್ಬರಿಗೂ ಧನ್ಯವಾದ. ಎರಡು ಅನುಮಾನ. 6-1 ಅಷ್ಟು ಚೆನ್ನಾಗಿದ್ದರೆ ಎಲ್ಲರೂ ಪ್ರತಿ ವಾರ ಅದನ್ನೇ ಯಾಕೆ ಆಡಲ್ಲ? ಮತ್ತೆ '15 ಸೆಕೆಂಡ್' ಅಂತ ಕಾಮೆಂಟ್ರಿಯಲ್ಲಿ ಏನೋ ಹೇಳ್ತಿದ್ದರು, ಅದೇನು?

ಕೋಟೆಬಾಗಿಲು

15 ಸೆಕೆಂಡ್ ಬಗ್ಗೆ ನಾನು ಹೇಳ್ತೇನೆ ಮಾರಾಯ್ರೇ. ಕ್ವಾರ್ಟರ್‌ಬ್ಯಾಕಿನ ಹೆಲ್ಮೆಟ್ಟಿನಲ್ಲಿ ಸ್ಪೀಕರ್ ಉಂಟು, ಕೋಚ್ ನೇರ ಕಿವಿಗೆ ಮಾತಾಡಬಹುದು. ಡಿಫೆನ್ಸಿನಲ್ಲೂ ಒಬ್ಬನಿಗೆ ಉಂಟು, ಹೆಲ್ಮೆಟ್ಟಿನ ಹಿಂದೆ ಹಸಿರು ಚುಕ್ಕೆ ಇರುವವನೇ ಅವನು. ಪ್ಲೇ ಕ್ಲಾಕ್ (ಮುಂದಿನ ಆಟ ಶುರುಮಾಡಲಿಕ್ಕೆ ಇರುವ ಸೆಕೆಂಡುಗಳ ಗಡಿಯಾರ) 40ರಿಂದ ಇಳಿಯುತ್ತಾ 15ಕ್ಕೆ ಬಂದ ಕೂಡಲೇ ಎರಡೂ ಕಡೆಯ ಮಾತು ಕಟ್.

ರ‍್ಯಾಮ್ಸ್ ಏನು ಮಾಡುತ್ತಿದ್ದರು ಅಂದರೆ, ಹಡಲ್ (ಆಟಕ್ಕೆ ಮುಂಚೆ ಗುಂಪು ಸೇರಿ ಮಾತಾಡುವುದು) ಬೇಗ ಮುಗಿಸಿ ಕ್ಲಾಕ್ 20ಕ್ಕೆ ಇಳಿಯುವ ಮುಂಚೆ ಗೆರೆಗೆ ಬಂದು ನಿಲ್ಲುವುದು. ಡಿಫೆನ್ಸ್ ಹೇಗೆ ನಿಂತಿದೆ ಅಂತ ಮೆಕ್‌ವೇ ಮೈದಾನದ ಅಂಚಿನಿಂದ ನೋಡಿ, ರೇಡಿಯೋ ಕಟ್ ಆಗುವ ಮುಂಚೆ ಗಾಫ್‌ನ ಕಿವಿಯಲ್ಲಿ 'ಇದು ಬೇಡ, ಅದು ಆಡು' ಅನ್ನುವುದು. ಅಂದರೆ ಹುಡುಗನ ಕಣ್ಣಿಗೆ ಕೋಚಿನ ಕನ್ನಡಕ.

ಪೇಟ್ರಿಯಟ್ಸ್ ಹಡಲ್‌ನಲ್ಲಿ ಒಂದರ ಬದಲು ಎರಡು ಕಾಲ್ ಇಟ್ಟುಕೊಂಡು ಬಂದರು. ಕ್ಲಾಕ್ 15 ದಾಟುವ ತನಕ ಒಂದರಂತೆ ನಿಲ್ಲುವುದು, ದಾಟಿದ ಮೇಲೆ ಇನ್ನೊಂದಕ್ಕೆ ಜಾರುವುದು. ಈಗ ಮೆಕ್‌ವೇಗೆ ಕಾಣುತ್ತದೆ, ಆದರೆ ಹೇಳಲಿಕ್ಕೆ ಆಗುವುದಿಲ್ಲ. ಗಾಫ್‌ಗೆ ಹೇಳುವವರಿಲ್ಲ, ಸ್ವತಃ ಕಾಣಬೇಕು.

ಟಿವಿಯಲ್ಲಿ ಇದನ್ನು ಹಿಡಿಯುವುದು ಹೀಗೆ. ಗೆರೆಯ ಮೇಲೆ ಕೈ ಊರಿ ಅಥವಾ ಬಾಗಿ ನಿಂತವರನ್ನು ಎಣಿಸಿ, ಆರು ಸಿಕ್ಕಿದರೆ 6-1. ಆಮೇಲೆ ಕಣ್ಣನ್ನು ಚೆಂಡಿನಿಂದ ಕಿತ್ತು ಸೇಫ್ಟಿಗಳ ಮೇಲೆ ಇಡಿ. ಇಬ್ಬರೂ ಹೆಚ್ಚುಕಡಿಮೆ ಒಂದೇ ಆಳದಲ್ಲಿದ್ದರೆ ಕ್ವಾರ್ಟರ್ಸ್ ಇರಬಹುದು. ಒಬ್ಬ ಕೆಳಗಿಳಿದು ಇನ್ನೊಬ್ಬ ನಟ್ಟನಡುವೆ ಹೋದರೆ ಬೇರೆ. ಕೆಳಗಿನ ಮೂಲೆಯ ಕ್ಲಾಕ್ 15 ತೋರಿಸಿದ ಮೇಲೆ ಯಾರು ಜರುಗಿದರು ಅಂತ ಮಾತ್ರ ನೋಡಿ. ಮಾಮೂಲು ಟಿವಿ ಆ್ಯಂಗಲ್‌ನಲ್ಲಿ ಸೇಫ್ಟಿಗಳು ಚೌಕಟ್ಟಿನ ಹೊರಗೆ ಹೋಗಿಬಿಡುತ್ತಾರೆ, ಆದ ಕಾರಣ 22 ಜನರೂ ಕಾಣುವ 'ಆಲ್-22' ವಿಡಿಯೋ ಸಿಕ್ಕಿದರೆ ಅದೇ ನೋಡಿ. ಮೊದಲ ಸಲಕ್ಕೆ ಎರಡನೇ ಕ್ವಾರ್ಟರ್ ಒಂದೇ ಸಾಕು. ಮೊದಲಾರ್ಧದಲ್ಲಿ ರ‍್ಯಾಮ್ಸ್ ಒಟ್ಟು 57 ಯಾರ್ಡ್ ಮಾಡಿದ್ದು ಹೇಗೆ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ.

ಪ್ರತಿ ವಾರ ಯಾಕೆ ಆಡುವುದಿಲ್ಲ? ಆರು ಜನ ಮುಂದೆ, ನಾಲ್ಕು ಜನ ಆಳದಲ್ಲಿ ಅಂದರೆ ನಡುವೆ ಉಳಿದವನು ಒಬ್ಬ. ಆರರಲ್ಲಿ ತುದಿಯವರು ಪಾಸಿಗೆ ಹಿಂದೆ ಸರಿಯಬೇಕಾಗುತ್ತದೆ, ಅದು ಎಲ್ಲ ತಂಡದ ಆಳುಗಳ ಕೈಯಲ್ಲಿ ಆಗುವ ಕೆಲಸ ಅಲ್ಲ. ಪಕ್ಕದ ಬಯಲು, ಐದಾರು ಯಾರ್ಡಿನ ಪಾಸು, ಸ್ಕ್ರೀನ್ (ಗೆರೆಯ ಹಿಂದೆಯೇ ಕೊಡುವ ಗಿಡ್ಡ ಪಾಸು) ಎಲ್ಲ ತೆರೆದೇ ಇರುತ್ತದೆ. ಚಿಲ್ಲರೆ ಚಿಲ್ಲರೆ ಪಾಸ್ ಎಸೆದು ಮೈದಾನ ಉದ್ದಕ್ಕೂ ತಾಳ್ಮೆಯಿಂದ ನಡೆಯುವ ಕ್ವಾರ್ಟರ್‌ಬ್ಯಾಕ್ ಎದುರು ಇದನ್ನು ಆಡಿದರೆ ಅವನು ಸುಲಿದು ತಿನ್ನುತ್ತಾನೆ. ಉದಾಹರಣೆಗೆ, ಆ ದಿವಸ ಗಾಫ್‌ನ ಎದುರು ಬೆಂಚಿನಲ್ಲಿ ಕೂತಿದ್ದ ಪೇಟ್ರಿಯಟ್ಸ್ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ.

ಪಂಟ್ ಪ್ರೇಮಿ

ಎಲ್ಲರೂ ಪೇಟ್ರಿಯಟ್ಸ್ ಡಿಫೆನ್ಸ್ ಜಪ ಮಾಡ್ತಿದೀರ. ಆ ಕಡೆ ಕೋಚ್ ವೇಡ್ ಫಿಲಿಪ್ಸ್‌ನ ರ‍್ಯಾಮ್ಸ್ ಡಿಫೆನ್ಸ್ ಟಾಮ್ ಬ್ರೇಡಿಯನ್ನ 53 ನಿಮಿಷ ಒಂದೇ ಫೀಲ್ಡ್ ಗೋಲಿಗೆ (ಕಂಬಗಳ ನಡುವೆ ಒದ್ದು ಗಳಿಸೋ 3 ಪಾಯಿಂಟ್) ನಿಲ್ಲಿಸಿತ್ತು ಗುರು, ಅದನ್ನೂ ಸ್ವಲ್ಪ ಹೇಳಿ. ಬ್ರೇಡಿಯ ಮೊದಲನೇ ಪಾಸೇ ನಿಕಲ್ ರೋಬಿ-ಕೋಲ್ಮನ್ ಕೈಗೆ ತಾಗಿ ಹಾರಿ ಕೋರಿ ಲಿಟಲ್ಟನ್ ತೋಳಿಗೆ ಬಿತ್ತು. ಆಮೇಲೆ ಪೇಟ್ರಿಯಟ್ಸ್ ಕಿಕರ್ ಗೊಸ್ಕೌಸ್ಕಿ 46 ಯಾರ್ಡಿಂದ ಒದ್ದದ್ದು ತಪ್ಪಿತು, 42ರಿಂದ ಒದ್ದದ್ದು ಒಳಗೆ ಹೋಯಿತು. ಮಧ್ಯಂತರಕ್ಕೆ 3–0. ಸೂಪರ್ ಬೌಲ್‌ನಲ್ಲಿ ಇದಕ್ಕಿಂತ ಬಡ ಮಧ್ಯಂತರ ಒಂದೇ, 9ನೇ ಸೂಪರ್ ಬೌಲ್‌ನ 2–0.

ಇಂಥ ಪಂದ್ಯದಲ್ಲಿ ನೋಡಬೇಕಾದ್ದು ಪಂಟರ್‌ನ ಕಾಲು. ರ‍್ಯಾಮ್ಸ್‌ನ ಜಾನಿ ಹೆಕರ್ 9 ಪಂಟ್ ಒದ್ದ, ಅದರಲ್ಲಿ ಒಂದು 65 ಯಾರ್ಡ್. ಆಗಿನ ಸೂಪರ್ ಬೌಲ್ ದಾಖಲೆ. ಎರಡೂ ಅಫೆನ್ಸ್ ನಿಂತ ನೀರಾಗಿರುವಾಗ ಒಂದು ಒಳ್ಳೆ ಪಂಟ್ ಅಂದ್ರೆ ನಾಲ್ಕೈದು ಫಸ್ಟ್ ಡೌನ್ (10 ಯಾರ್ಡ್ ದಾಟಿದಾಗ ಸಿಗೋ ಹೊಸ ಸರದಿ) ಪುಕ್ಕಟೆ ಸಿಕ್ಕಿದ ಹಾಗೆ. ರ‍್ಯಾಮ್ಸ್ ತಮ್ಮ ಗೋಲ್ ಲೈನ್ ಹತ್ತಿರ ಸಿಕ್ಕಿಹಾಕಿಕೊಂಡಾಗೆಲ್ಲ ಹೆಕರ್ ಬಿಡಿಸಿದ್ದಕ್ಕೇ ಅಂತರ 3 ಪಾಯಿಂಟಿನಲ್ಲೇ ಉಳಿದಿದ್ದು.

ಒಂದು ಸ್ಯಾಕ್‌ನ ಲೆಕ್ಕ ಕೂಡ ಹೇಳ್ತೀನಿ. ಮೂರನೇ ಕ್ವಾರ್ಟರ್ ಕೊನೆಗೆ ರ‍್ಯಾಮ್ಸ್ ಪೇಟ್ರಿಯಟ್ಸ್ ಕಡೆಯ 26 ಯಾರ್ಡ್ ಗೆರೆ ತನಕ ಬಂದಿದ್ರು, ಮೂರನೇ ಡೌನ್. ಹೈಟವರ್ ಸ್ಯಾಕ್, 9 ಯಾರ್ಡ್ ಹಿಂದಕ್ಕೆ. ಫೀಲ್ಡ್ ಗೋಲ್‌ನ ದೂರ ಅಂದ್ರೆ ಗೆರೆಯ ಸಂಖ್ಯೆಗೆ ಸುಮಾರು 18 ಸೇರಿಸಬೇಕು. ಎಂಡ್ ಝೋನ್ 10, ಚೆಂಡನ್ನ ಹಿಂದಕ್ಕೆ ಕೊಟ್ಟು ಹಿಡಿಯೋಕೆ 7–8. ಅಂದ್ರೆ 44 ಯಾರ್ಡಿನ ಒದೆ 53 ಆಯಿತು. ಕಿಕರ್ ಗ್ರೆಗ್ ಜ್ಯೂರ್ಲೈನ್ ಅದನ್ನೂ ಒಳಗೆ ಹಾಕಿದ ಅನ್ನೋದು ಬೇರೆ ಮಾತು. ರ‍್ಯಾಮ್ಸ್‌ಗೆ ಇಡೀ ದಿನ ಸಿಕ್ಕಿದ್ದು ಅದೊಂದೇ.

ಕೋಟೆಬಾಗಿಲು

ಈಗ ಆ ಐದು ಆಟ. ಸ್ಕೋರು 3–3, ನಾಲ್ಕನೇ ಕ್ವಾರ್ಟರ್, 69 ಯಾರ್ಡ್ ಹೋಗಬೇಕು.

ಪೇಟ್ರಿಯಟ್ಸ್ ಅಫೆನ್ಸ್ ಕೋಚ್ ಆಗಿದ್ದ ಜಾಶ್ ಮೆಕ್‌ಡ್ಯಾನಿಯಲ್ಸ್ ಮೈದಾನಕ್ಕೆ ಇಳಿಸಿದ್ದು ಭಾರದ ಆಳುಗಳನ್ನು. ತಳ್ಳಲಿಕ್ಕೂ ಹಿಡಿಯಲಿಕ್ಕೂ ಆಗುವ ಇಬ್ಬರು ಟೈಟ್ ಎಂಡ್ (ಗ್ರಾಂಕೌಸ್ಕಿ ಅಂದರೆ 'ಗ್ರಾಂಕ್', ಡ್ವೇನ್ ಆ್ಯಲನ್), ರನ್ನಿಗೆ ದಾರಿ ಬಿಡಿಸುವ ಫುಲ್‌ಬ್ಯಾಕ್ ಜೇಮ್ಸ್ ಡೆವಲಿನ್, ರನ್ನಿಂಗ್ ಬ್ಯಾಕ್ ರೆಕ್ಸ್ ಬರ್ಕ್‌ಹೆಡ್, ರಿಸೀವರ್ ಅಂತ ಇದ್ದವನು ಜೂಲಿಯನ್ ಎಡಲ್ಮನ್ ಒಬ್ಬನೇ. ಇದನ್ನು ಕಂಡ ಡಿಫೆನ್ಸ್ 'ರನ್ ಬರ್ತದೆ' ಅಂತ ತಾನೂ ದಪ್ಪ ಆಳುಗಳನ್ನು, ಲೈನ್‌ಬ್ಯಾಕರ್‌ಗಳನ್ನು ಇಳಿಸಲೇಬೇಕು. ಅವರು ಇಳಿದ ಮೇಲೆ ಪೇಟ್ರಿಯಟ್ಸ್ ಎಲ್ಲರನ್ನೂ ಅಗಲಕ್ಕೆ ಹರಡಿತು. ಬ್ರೇಡಿಯ ಪಕ್ಕದಲ್ಲಿ ಯಾರೂ ಇಲ್ಲ, ಐದೂ ಜನ ಪಾಸಿಗೆ. ಫುಲ್‌ಬ್ಯಾಕ್ ಗೆರೆಯ ತುದಿಯಲ್ಲಿ ನಿಂತರೆ ಅವನಿಂದ ಅಪಾಯ ಇಲ್ಲ, ಆದರೂ ಅವನ ಎದುರು ಒಬ್ಬ ನಿಲ್ಲಲೇಬೇಕು. ಒಳಗೆ ಎಡಲ್ಮನ್ ಮತ್ತು ಗ್ರಾಂಕ್ ಎದುರು ಉಳಿಯುವುದು ಲೈನ್‌ಬ್ಯಾಕರ್.

ಪ್ಲೇ ಹೆಸರು 'ಹಾಸ್ ವೈ-ಜೂಕ್'. ಹೊರಗಿನ ಇಬ್ಬರು ಐದಾರು ಯಾರ್ಡ್ ಹೋಗಿ ತಿರುಗಿ ನಿಲ್ಲುವುದು, ಅವರ ಒಳಪಕ್ಕದ ಇಬ್ಬರು ನೇರ ಆಳಕ್ಕೆ, ನಟ್ಟನಡುವಿನವನು ಎದುರಿನ ಲೈನ್‌ಬ್ಯಾಕರ್ ಯಾವ ಕಡೆ ವಾಲುತ್ತಾನೋ ಅದರ ವಿರುದ್ಧಕ್ಕೆ ಕಡಿಯುವುದು. ಸಾಲಾಗಿ ಮೂರು ಸಲ ಇದನ್ನೇ ಆಡಿದರು.

ಡ್ರೈವ್ ಲೆಕ್ಕ: ಗ್ರಾಂಕ್‌ಗೆ 18, ಎಡಲ್ಮನ್‌ಗೆ 13, ಬರ್ಕ್‌ಹೆಡ್‌ಗೆ 7, ಮತ್ತೆ ಗ್ರಾಂಕ್‌ಗೆ 29. ಆ 29ರದ್ದನ್ನು ಎರಡು ಸಲ ನೋಡಿ. ಸುತ್ತ ರ‍್ಯಾಮ್ಸ್ ಆಳುಗಳಿದ್ದರೂ ಬ್ರೇಡಿ ಚೆಂಡನ್ನು ಲೈನ್‌ಬ್ಯಾಕರ್‌ನ ಕೈ ಮೇಲಿಂದ ಹಾಯಿಸಿ ಇಳಿಸಿದ್ದಾನೆ, ಗ್ರಾಂಕ್ ಮುಂದಕ್ಕೆ ಬೀಳುತ್ತಾ ಹಿಡಿದು 2 ಯಾರ್ಡ್ ಗೆರೆಯಲ್ಲಿ ನೆಲ ಕಂಡ. ಮುಂದಿನ ಆಟ ರನ್ನಿಂಗ್ ಬ್ಯಾಕ್ ಸೋನಿ ಮಿಶೆಲ್ ಚೆಂಡು ಹಿಡಿದು ಒಳಗೆ. ಆಗ ಉಳಿದದ್ದು ಸರಿಯಾಗಿ 7 ನಿಮಿಷ. ಇಡೀ ಪಂದ್ಯದ ಒಂದೇ ಟಚ್‌ಡೌನ್.

ಎಡಲ್ಮನ್‌ಗೆ ಆ ದಿವಸ 10 ಕ್ಯಾಚ್, 141 ಯಾರ್ಡ್, ಎಂವಿಪಿ (ಪಂದ್ಯದ ಶ್ರೇಷ್ಠ ಆಟಗಾರ). ರ‍್ಯಾಮ್ಸ್‌ನ ಒಟ್ಟು ಯಾರ್ಡ್ 260. ಅರ್ಧಕ್ಕಿಂತ ಹೆಚ್ಚು ಇವನೊಬ್ಬನದ್ದೇ ಆಯ್ತಲ್ಲ!

ಹುಬ್ಬಳ್ಳಿ ಹ್ಯಾಶ್‌ಮಾರ್ಕ್

ಪೇಟ್ರಿಯಟ್ಸ್ ಕಾರ್ನರ್ ಗಿಲ್ಮೋರ್‌ನ ಇಂಟರ್‌ಸೆಪ್ಶನ್ ಯಾರೂ ಹೇಳಲಿಲ್ಲಲ್ಲ. ಟಚ್‌ಡೌನ್ ಆದಮ್ಯಾಲೆ ರ‍್ಯಾಮ್ಸ್ ಮೊದಲ ಸಲ ಸಲೀಸಾಗಿ ಮುಂದ ಬಂದ್ರು, ಪೇಟ್ರಿಯಟ್ಸ್ 27 ಯಾರ್ಡ್ ಗೆರಿ ಮಟ. ಇಡೀ ದಿನ ಝೋನ್ ತೋರಿಸಿದ ಫ್ಲೋರೆಸ್ ಅಲ್ಲಿ ತಿರುಗಿ ಬಿದ್ದ: ಆಳದಾಗ ಒಬ್ಬನೂ ಇಲ್ಲದ ಬ್ಲಿಟ್ಜ್ (ಹೆಚ್ಚಿನ ಮಂದಿ ಕ್ವಾರ್ಟರ್‌ಬ್ಯಾಕ್ ಮ್ಯಾಲೆ ನುಗ್ಗೋದು). ಸೇಫ್ಟಿ ಡುರಾನ್ ಹಾರ್ಮನ್ ಯಾರೂ ತಡೀದ ದಾರಿಯಾಗ ನೇರ ಗಾಫ್ ಮೈಮ್ಯಾಲೆ ಬಂದ. ಇನ್ನೊಬ್ಬ ಸೇಫ್ಟಿ ಪ್ಯಾಟ್ರಿಕ್ ಚಂಗ್ ಮೂರನೇ ಕ್ವಾರ್ಟರ್‌ನಾಗ ಕೈ ಮುರಕೊಂಡು ಹ್ವಾದ ಮ್ಯಾಲೆ ಈ ಹಾರ್ಮನ್‌ಗೇ ಹೆಚ್ಚಿನ ಕೆಲಸ ಬಿದ್ದಿತ್ತು.

ಗಾಫ್ ಹಿಂದಕ್ಕ ವಾಲಿ, ಕಾಲ ಮ್ಯಾಲೆ ಭಾರ ಹಾಕದೆ, ಬರೇ ತೋಳಿನಿಂದ ಎತ್ತಿ ಒಗೆದ. ಹಂಗ ಒಗೆದ ಚೆಂಡು ಯಾವಾಗಲೂ ಗಿಡ್ಡ ಬೀಳತದ. ಸ್ಟೆಫಾನ್ ಗಿಲ್ಮೋರ್ ಕುಕ್ಸ್‌ಗಿಂತ ಒಳಗ ನಿಂತು 4 ಯಾರ್ಡ್ ಗೆರಿ ಮ್ಯಾಲೆ ಹಿಡಿದ. ಉಳಿದದ್ದು 4:17. ಎರಡನೇ ಡೌನ್ ಇತ್ರೀ ಅದು! ಚೆಂಡು ಹೊರಗ ಒಗೆದಿದ್ರ ಇನ್ನೂ ಎರಡು ಅವಕಾಶ ಇತ್ತು. ಸುಮ್ನ ಸ್ಯಾಕ್ ತಿಂದಿದ್ರೂ ಚೆಂಡು ತಮ್ಮ ಕಡೆ ಉಳೀತಿತ್ತು.

ಆಮ್ಯಾಲೆ ಪೇಟ್ರಿಯಟ್ಸ್ ತಮ್ಮ 4 ಯಾರ್ಡ್ ಗೆರಿಯಿಂದ ಬರೇ ಓಡಿ ಓಡಿ ಗಡಿಯಾರ ತಿಂದ್ರು. ಮಿಶೆಲ್ ಒಂದು 26, ಬರ್ಕ್‌ಹೆಡ್ ಒಂದು 26. 72 ಯಾರ್ಡ್, ಮೂರು ನಿಮಿಷದ ಮ್ಯಾಲೆ ಟೈಮ್, ಕಡೀಕ 41 ಯಾರ್ಡಿನ ಫೀಲ್ಡ್ ಗೋಲ್. 13–3, ಉಳಿದದ್ದು 1:12.

ಅರೆಬರೆ ಪ್ರೇಕ್ಷಕ

ಕೊನೇ ಪ್ರಶ್ನೆ. 10 ಪಾಯಿಂಟ್ ಹಿಂದಿದ್ದಾಗ, ಇನ್ನು ಕೆಲವೇ ಸೆಕೆಂಡ್ ಇರುವಾಗ ರ‍್ಯಾಮ್ಸ್ 48 ಯಾರ್ಡಿಂದ ಫೀಲ್ಡ್ ಗೋಲ್ ಒದ್ದರಲ್ಲ, ಅದು ತಲೆಯಿಲ್ಲದ ಕೆಲಸ ಅಲ್ಲವಾ? ಟಚ್‌ಡೌನಿಗೆ ಎಸೆಯಬೇಕಿತ್ತಲ್ಲ.

ಪಂಟ್ ಪ್ರೇಮಿ

ಇಲ್ಲ, ಅದು ಸರಿಯಾದ ಕೆಲಸವೇ. 10 ಅಂದ್ರೆ ಎರಡು ಸ್ಕೋರ್ ಬೇಕು: ಒಂದು ಟಚ್‌ಡೌನ್ ಮತ್ತು ಅದರ ಎಕ್ಸ್‌ಟ್ರಾ ಪಾಯಿಂಟ್ ಸೇರಿ 7, ಒಂದು ಫೀಲ್ಡ್ ಗೋಲ್ 3. ಯಾವುದು ಮೊದಲು ಬಂದರೂ ನಡುವೆ ಒಂದು ಆನ್‌ಸೈಡ್ ಕಿಕ್ (ಸ್ಕೋರ್ ಆದಮೇಲೆ ಚೆಂಡನ್ನ ಗಿಡ್ಡವಾಗಿ ಒದ್ದು ತಾವೇ ಹಿಡಿಯೋ ಪ್ರಯತ್ನ) ಗೆಲ್ಲಲೇಬೇಕು. ಆ ದೂರದಿಂದ ಎಂಡ್ ಝೋನಿಗೆ ಎಸೆದು ಅದು ಸಿಕ್ಕಿದರೂ ಗಡಿಯಾರ ಮುಗಿದುಹೋಗ್ತಿತ್ತು. ಫೀಲ್ಡ್ ಗೋಲ್ ಹೋಗಿ, ಆನ್‌ಸೈಡ್ ಕಿಕ್ ಸಿಕ್ಕಿ, ಒಂದು ಕುರುಡು ಎಸೆತ ಕೈಗೂಡಿದ್ದರೆ ಓವರ್‌ಟೈಮ್. ನೂರಕ್ಕೆ ಒಂದು ಅನ್ನೋದೂ ಹೆಚ್ಚೇ, ಆದರೆ ಬೇರೆ ದಾರೀಲಿ ಅದೂ ಇರಲಿಲ್ಲ.

ಒದೆ ತಪ್ಪಿತು. ತಪ್ಪನ್ನ ಹುಡುಕಬೇಕಾದ್ದು ಅದಕ್ಕೆ ಹಿಂದಿನ ಒಂದು ನಿಮಿಷದಲ್ಲಿ. ಅಲ್ಲಿ ಚೆಂಡು ಹಿಡಿದವನು ಪಕ್ಕದ ಗೆರೆ ದಾಟಿದನಾ, ಮೈದಾನದೊಳಗೇ ಬಿದ್ದನಾ ಅಂತ ಒಂದೊಂದಾಗಿ ನೋಡ್ತಾ ಬನ್ನಿ. ಒಳಗೆ ಬಿದ್ದಾಗೆಲ್ಲ ಗಡಿಯಾರ ಓಡ್ತಾನೇ ಇರುತ್ತೆ.